ಮೆಟ್ಟಿಲಿಗೂ ಒಂದು ಉಪಕರ

ಬಿ.ಕಾಂ. ಕೊನೆಯ ವರ್ಷದ ತೆರಿಗೆ ಪತ್ರಿಕೆಯಲ್ಲಿ ನನಗೆ ನೂರಕ್ಕೆ ಎಪ್ಪತ್ತೊಂಬತ್ತು ಅಂಕ ಬಂದಿದ್ದವು. ಈ ಸಂಗತಿಯನ್ನು ನಾನಾಗಿ ಯಾರಿಗೂ ಹೇಳುವವಳಲ್ಲ. (ನಮ್ಮವರಿಗೆ ಹೇಳಿದ್ದು ಅವರು ಹೆಣ್ಣು ನೋಡಲು ಬಂದ ದಿನ. ಅವರು ಕೇಳಿದ್ದು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು.) ಗಜೇಂದ್ರಗಡದ ನಮ್ಮ ಕಾಲೇಜಿನಲ್ಲಿ ಆ ವರ್ಷ ಅಷ್ಟು ತೆಗೆದವಳು ನಾನೊಬ್ಬಳೇ. ಆ ಅಂಕಪಟ್ಟಿಯನ್ನು ಸೀರೆಗಳ ನಡುವೆ ಮಡಿಚಿಟ್ಟುಕೊಂಡು ಮದುವೆಯಾಗಿ ಬೆಂಗಳೂರಿಗೆ ಬಂದೆ. ಬಿಟಿಎಂ ಲೇಔಟಿನ ಎರಡನೇ ಮಹಡಿಯ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಬಳಸದ ವಿದ್ಯೆ ದೋಸೆ ಹಿಟ್ಟಿನ ಹಾಗೆ. ಮುಚ್ಚಿಟ್ಟಷ್ಟೂ ಒಳಗೊಳಗೇ ಹುಳಿಯುತ್ತದೆ, ಒಂದು ಬೆಳಿಗ್ಗೆ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿರುತ್ತದೆ. ನನ್ನದು ಉಕ್ಕಿದ್ದು ಟೆಲಿಫೋನಿನ ವಿಷಯದಲ್ಲಿ.

ಅದು ಎರಡು ಸಾವಿರದ ಎಂಟನೇ ಇಸವಿ. ಮನೆಗೆ ಇದ್ದದ್ದು ಒಂದೇ ಮೊಬೈಲು, ಅದೂ ನಮ್ಮವರ ಜೇಬಿನಲ್ಲಿ. ನಮ್ಮವರ ಹೆಸರು ಮೌನೇಶ; ಹೆಸರನ್ನು ಸುಳ್ಳು ಮಾಡಬಾರದೆಂದು ಅವರು ಮೊದಲಿನಿಂದಲೂ ಶ್ರಮಪಡುತ್ತ ಬಂದಿದ್ದಾರೆ. ರಕ್ತ ಪರೀಕ್ಷಿಸುವ ಲ್ಯಾಬೊಂದರಲ್ಲಿ ಅವರಿಗೆ ಕೆಲಸ. ಸಂಜೆ ಅವರು ಮನೆಗೆ ಬಂದ ಮೇಲೆ ನಾನು ಆ ಮೊಬೈಲಿನಿಂದ ಅವ್ವನಿಗೆ ಫೋನು ಹಚ್ಚುತ್ತಿದ್ದೆ, ಅವರು ಎದುರಿಗೆ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದರು. ನಮ್ಮವ್ವ ಪಾರವ್ವ ಫೋನು ಎತ್ತಿಕೊಂಡು, ‘ಊಟಾ ಆತೇನು’ ಎಂದು ಕೇಳಿ, ‘ಅಳಿಯಂದೇವ್ರದು ಆತೇನು’ ಎಂದು ಕೇಳಿ, ಪಲ್ಯ ಯಾವುದು, ಅದಕ್ಕೆ ಶೇಂಗಾಪುಡಿ ಹಾಕಿದ್ದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವಷ್ಟರಲ್ಲಿ ನಾಲ್ಕು ನಿಮಿಷ ಸರಿದಿರುತ್ತಿತ್ತು. ಮನಸ್ಸಿನ ಮಾತು ಶುರುವಾಗುವುದೇ ಐದನೇ ನಿಮಿಷಕ್ಕೆ. ಐದನೇ ನಿಮಿಷಕ್ಕೆ ಸರಿಯಾಗಿ ನಮ್ಮವರು ಕೆಮ್ಮುತ್ತಿದ್ದರು.

ಹೀಗಿರುವಾಗ ಒಂದು ದಿನ ಸೀನು ಎಂಬ ಟೈ ಕಟ್ಟಿದ ಮನುಷ್ಯ ಎರಡು ಮಹಡಿ ಹತ್ತಿ ಬಂದು, ಬಾಗಿಲಲ್ಲಿ ನಿಂತು, ಒಂದು ಪುಟ್ಟ ಕಪ್ಪು ಪೆಟ್ಟಿಗೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಮಂಗಳಾರತಿ ತಟ್ಟೆ ಹಿಡಿದಷ್ಟೇ ಭಕ್ತಿಯಿಂದ.

“ಮೇಡಂ, ಇಂಟರ್‌ನೆಟ್ ಫೋನು. ನಿಮ್ಮ ಇಂಟರ್‌ನೆಟ್ ತಂತಿಗೆ ಇದನ್ನ ಹಾಕಿ, ಇದಕ್ಕೆ ಮಾಮೂಲಿ ಫೋನ್ ಹಾಕಿ. ಆ ಕಡೆಯವರ ಹತ್ರಾನೂ ಇದೇ ಪೆಟ್ಟಿಗೆ ಇದ್ರೆ ಎಷ್ಟ್ ಹೊತ್ತು ಮಾತಾಡಿದ್ರೂ ಫ್ರೀ. ತಿಂಗಳಿಗೆ ಇನ್ನೂರು ರೂಪಾಯಿ ಬಾಡಿಗೆ, ಅಷ್ಟೇ.”

ನಮ್ಮ ಮನೆಗೆ ಇಂಟರ್‌ನೆಟ್ ಇತ್ತು. (ನಮ್ಮವರು ಆಫೀಸಿನ ಕೆಲಸಕ್ಕೆಂದು ಹಾಕಿಸಿದ್ದು. ಅವರ ಆಫೀಸಿನ ಕೆಲಸದಲ್ಲಿ ರನ್ನು, ವಿಕೆಟ್ಟು ಬಹಳ ಇರುತ್ತವೆ.) ಊರಿನಲ್ಲಿ ನನ್ನ ಅಣ್ಣ ಸಿದ್ದಾರೂಢ ಮದುವೆ ಪತ್ರಿಕೆ, ಪಾಂಪ್ಲೆಟ್ಟು ಟೈಪು ಮಾಡಿಕೊಡುವ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಅಲ್ಲಿಯೂ ಇಂಟರ್‌ನೆಟ್ ಇದೆ, ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಅವ್ವ. ಎರಡು ಪೆಟ್ಟಿಗೆ, ಎರಡು ತಂತಿ, ನಡುವೆ ನಾನೂರು ಕಿಲೋಮೀಟರ್ ಉದ್ದದ ಹರಟೆ. ನನ್ನ ಕಣ್ಣಮುಂದೆ ಐದನೇ ನಿಮಿಷ ಹೊಳೆಯಂತೆ ಹರಿಯತೊಡಗಿತು.

ನಮ್ಮವರು ಪೆಟ್ಟಿಗೆಯನ್ನು ತಿರುವಿ ನೋಡಿ ಕೇಳಿದರು, “ಇನ್ನೂರರ ಮ್ಯಾಲ ಟ್ಯಾಕ್ಸು ಗೀಕ್ಸು?”

ಸೀನು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. “ಟ್ಯಾಕ್ಸ್ ಹತ್ತೂದಿಲ್ರಿ. ಟ್ಯಾಕ್ಸ್ ಇರೂದು ಫೋನಿಗೆ. ಇದು ಫೋನ್ ಅಲ್ಲ.”

“ಮತ್ತೇನಿದು?”

“ಫೋನಿನ ಹಂಗ ಇರೂ ಇಂಟರ್‌ನೆಟ್. ಮಾತು ತುಂಡು ತುಂಡಾಗಿ ಹೋಗಿ ಅಲ್ಲಿ ಮತ್ತ ಕೂಡತೈತಿ. ತುಂಡು ಮಾತಿಗೆ ಸರ್ಕಾರ ಹೆಂಗ ಟ್ಯಾಕ್ಸ್ ಹಾಕತೈತಿ?”

ನಮ್ಮವರು ಸೀನುವಿನ ಮುಖ ನೋಡಿದರು. ಸೀನು ತನ್ನ ಟೈ ನೋಡಿಕೊಂಡ.

“ಆತು,” ಎಂದರು ನಮ್ಮವರು. “ಇನ್ನೂರರ ಮ್ಯಾಲ ಒಂದು ಪೈಸೆ ಬಂದ್ರೂ ಪೆಟ್ಟಿಗಿ ಹೊಳ್ಳಿ ಕೊಡೂದು.”

ಒಪ್ಪಿದೆ. ಎಪ್ಪತ್ತೊಂಬತ್ತು ಅಂಕದವಳು ಹೆದರುವುದುಂಟೇ. ಅದೇ ವಾರ ಊರಿನಲ್ಲಿ ಅಣ್ಣನೂ ಇಂಥದೇ ಪೆಟ್ಟಿಗೆ ಹಾಕಿಸಿದ.

ಆ ಒಂದು ತಿಂಗಳನ್ನು ನಾನು ಹೇಗೆ ವರ್ಣಿಸಲಿ. ದಿನಾ ಸಂಜೆ ಆರಕ್ಕೆ ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತಿದ್ದೆ. ಹೊರಗೆ ತಾರಸಿಗಳ ಮೇಲೆ ಒಣಗಿದ ಬಟ್ಟೆಗಳನ್ನು ಒಬ್ಬೊಬ್ಬರೇ ತೆಗೆಯುತ್ತಿರುತ್ತಿದ್ದರು. ಆಕಾಶ ತಂತಿಗಳ ನಡುವೆ ಪಟ್ಟೆ ಪಟ್ಟೆಯಾಗಿ ಕೆಂಪಾಗುತ್ತಿತ್ತು. ಅವ್ವನ ದನಿಯ ಹಿಂದೆ ನಮ್ಮ ಓಣಿಯ ಮಗ್ಗದ ಸದ್ದು ಕೇಳುತ್ತಿತ್ತು. ಒಂದೊಂದು ಸಲ ಅವಳು ಮಾತು ಮರೆತು ಸುಮ್ಮನಾಗುತ್ತಿದ್ದಳು, ಆಗಲೂ ನಾನು ಫೋನು ಇಡುತ್ತಿರಲಿಲ್ಲ. ಪುಕ್ಕಟೆಯಾಗಿ ಸುಮ್ಮನಿರುವ ಸುಖ ಎಂಥದೆಂದು ನಿಮಿಷಕ್ಕಿಷ್ಟೆಂದು ಕೊಟ್ಟು ಮಾತಾಡಿದವರಿಗೇ ಗೊತ್ತು. ನಮ್ಮವರು ಎರಡು ದಿನ ಅಭ್ಯಾಸಬಲದಿಂದ ಕೆಮ್ಮಿ, ಮೂರನೇ ದಿನ ಬಿಟ್ಟರು.

ತಿಂಗಳು ತುಂಬಿತು. ಬಿಲ್ಲು ಬಂತು.

ನಮ್ಮ ಕಟ್ಟಡದಲ್ಲಿ ಬಿಲ್ಲುಗಳು ನೇರವಾಗಿ ಮೇಲೆ ಬರುವುದಿಲ್ಲ. ಕೆಳಗಿನ ಮನೆಯಲ್ಲಿ ಓನರ್ ಆಂಟಿ ಅಣ್ಣಮ್ಮನವರು ಇದ್ದಾರೆ. ಈ ಲೇಔಟೆಲ್ಲ ರಾಗಿ ಹೊಲವಾಗಿದ್ದಾಗಿನಿಂದಲೂ ಅವರು ಇಲ್ಲಿಯವರು. ಹೊಲ ಹೋಗಿ ಉಳಿದ ಒಂದು ಸೈಟಿನಲ್ಲಿ ಆರು ಬಾಡಿಗೆ ಮನೆ ಎಬ್ಬಿಸಿದವರು. ಕೊರಿಯರಿನವರು ಆರೂ ಮನೆಯ ಕಾಗದಗಳನ್ನು ಅವರ ಕೈಗೇ ಕೊಡುತ್ತಾರೆ. ಅವರು ಯಾರ ಕಾಗದವನ್ನೂ ಒಡೆದು ಓದುವವರಲ್ಲ. ತಂದುಕೊಟ್ಟು, ನಾವು ಒಡೆದು ಓದುವವರೆಗೂ ಬಾಗಿಲಲ್ಲಿ ನಿಲ್ಲುತ್ತಾರೆ, ಅಷ್ಟೇ.

ನಮ್ಮವರು ಒಡೆದು ಓದಿದರು. ಆಮೇಲೆ ಬಿಲ್ಲನ್ನು ನನ್ನ ಮುಂದೆ ಹಿಡಿದರು. ಇನ್ನೂರ ಎಂಬತ್ತು ರೂಪಾಯಿ, ತೊಂಬತ್ತು ಪೈಸೆ.

“ಇದು ಫೋನ್ ಅಲ್ಲ ಅಂದಿದ್ದೆಲ್ಲ,” ಎಂದರು ಮೆಲ್ಲಗೆ. “ಸರ್ಕಾರಕ್ಕ ಯಾರೋ ಹೇಳ್ಯಾರ ನೋಡು.”

ಬಿಲ್ಲಿನಲ್ಲಿ ಐದು ಸಾಲಿದ್ದವು. ತಿಂಗಳ ಬಾಡಿಗೆ ಇನ್ನೂರು. ಪೆಟ್ಟಿಗೆಯ ಬಾಡಿಗೆ ಐವತ್ತು. (ಸೀನು ಟೈ ನೋಡಿಕೊಂಡದ್ದು ಯಾಕೆಂದು ಈಗ ತಿಳಿಯಿತು.) ಎರಡೂ ಸೇರಿದ ಇನ್ನೂರೈವತ್ತರ ಮೇಲೆ ನೂರಕ್ಕೆ ಹನ್ನೆರಡರಂತೆ ಸೇವಾ ತೆರಿಗೆ, ಮೂವತ್ತು. ಆ ಮೂವತ್ತರ ಮೇಲೆ ನೂರಕ್ಕೆ ಎರಡರಂತೆ ಶಿಕ್ಷಣ ಉಪಕರ, ಅರವತ್ತು ಪೈಸೆ. ಅದೇ ಮೂವತ್ತರ ಮೇಲೆ ನೂರಕ್ಕೆ ಒಂದರಂತೆ ಸೆಕೆಂಡರಿ ಮತ್ತು ಹೈಯರ್ ಶಿಕ್ಷಣ ಉಪಕರ, ಮೂವತ್ತು ಪೈಸೆ.

“ನಾವು ಲ್ಯಾಬಿನ್ಯಾಗ ರಕ್ತ ತಗಿಯೂ ಮುಂದ ಒಂದ ಸಲ ಚುಚ್ಚತೀವಿ,” ಎಂದರು ನಮ್ಮವರು. “ಇವ್ರು ಐದು ಸಲ ಚುಚ್ಯಾರ. ಅದ್ರಾಗ ಇದೇನಿದು, ಶಿಕ್ಷಣ? ನಮಗಿನ್ನೂ ಮಕ್ಕಳ ಇಲ್ಲ.”

“ಊರವರ ಮಕ್ಕಳು ಓದಬ್ಯಾಡೇನ್ರಿ?”

“ಓದ್ಲಿ. ನೀ ನಿಮ್ಮವ್ವನ ಜೋಡಿ ಮಾತಾಡಿದ್ರ ಅವ್ರು ಹೆಂಗ ಓದತಾರ?”

ಪೆಟ್ಟಿಗೆ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು, ತನ್ನ ವಿಚಾರಣೆ ತನಗೆ ಸಂಬಂಧವಿಲ್ಲವೆನ್ನುವ ಹಾಗೆ. ಅದು ಹೋದರೆ ಆರು ಗಂಟೆ ಹೋಯಿತು, ಮಗ್ಗದ ಸದ್ದು ಹೋಯಿತು, ಗೋಡೆಯ ಗಡಿಯಾರ ವಾಪಸು ಬಂತು. ನಾನು ಒಂದೇ ಕ್ಷಣದಲ್ಲಿ ಪಕ್ಷಾಂತರ ಮಾಡಿದೆ. ತೆರಿಗೆಯೇ ಇಲ್ಲ ಎಂದು ವಾದಿಸಿದ್ದವಳು, ತೆರಿಗೆ ಇದ್ದೇ ಇರಬೇಕು, ಇಲ್ಲದಿದ್ದರೇ ತಪ್ಪು ಎಂದು ಘನ ಸರ್ಕಾರದ ಪರವಾಗಿ ಚಾಪೆಯ ಮೇಲೆ ಎದ್ದು ನಿಂತೆ.

“ನೋಡ್ರಿ, ಮಾತು ತಂತಿಯೊಳಗ ಹೋಗ್ಲಿ, ಇಂಟರ್‌ನೆಟ್‌ನ್ಯಾಗ ಹೋಗ್ಲಿ, ಪಾರಿವಾಳದ ಕಾಲಿಗೆ ಕಟ್ಟಿ ಹೋಗ್ಲಿ, ಯಾರೋ ಒಬ್ಬರು ಅದನ್ನ ಮುಟ್ಟಸ್ತಾರ ಅಂದ್ರ ಅದು ಸೇವಾ. ಸೇವಾ ಅಂದ ಮ್ಯಾಲ ತೆರಿಗಿ. ಕೂಡಿಸಿ ನೋಡ್ರಿ, ಒಂದು ಪೈಸೆ ತಪ್ಪಿಲ್ಲ. ಹೆಸರಿಟ್ಟು, ಸಾಲಿನ್ಯಾಗ ಬರದು, ಲೆಕ್ಕಾ ಸರಿ ಕೂಡಿಸಿದ ಬಿಲ್ಲನ್ನ ಕೊಡೂದಿಲ್ಲ ಅನ್ನೂದು ಓದಿದವರ ಲಕ್ಷಣ ಅಲ್ಲ.”

ಬಾಗಿಲಿನಿಂದ ಅಣ್ಣಮ್ಮ ಆಂಟಿ ಕೇಳಿದರು, “ಹೆಸರಿಟ್ಟು ಬರೆದ್ರೆ ಕೊಡ್ಲೇಬೇಕಾ ಭಾಗ್ಯ?”

“ಕೊಡಲೇಬೇಕು ಆಂಟಿ.”

“ಅವ್ರು ಬಾಯಲ್ಲಿ ಇನ್ನೂರು ಅಂತ ಹೇಳಿದ್ರೂನೂವಾ?”

“ಬಾಯಲ್ಲಿ ಹೇಳಿದ್ದು ದರ. ಬಿಲ್ಲಲ್ಲಿ ಬರೆದದ್ದು ಮೊತ್ತ. ಅವೆರಡೂ ಬೇರೆ.”

ಆಂಟಿಯ ಮುಖದಲ್ಲಿ ಒಂದು ಬೆಳಕು ಮೂಡಿತು. ಜ್ಞಾನದ ಬೆಳಕೆಂದು ನಾನು ತಿಳಿದೆ.

ನಮ್ಮವರಿಗೆ ಇಬ್ಬರು ಹೆಂಗಸರ ಎದುರು ವಾದಿಸುವಷ್ಟು ಮಾತಿನ ದಾಸ್ತಾನಿರಲಿಲ್ಲ. ಇನ್ನೊಂದು ತಿಂಗಳು ಇರಲಿ ಎಂದು ಬಿಲ್ಲನ್ನು ಮಡಿಚಿ ಜೇಬಿಗಿಟ್ಟರು. ನಾನು ಗೆದ್ದೆ.

ಮರುದಿನ ಮಧ್ಯಾಹ್ನ ಆಂಟಿ ಮೊಮ್ಮಗಳ ಹಳೆಯ ನೋಟ್‌ಬುಕ್ಕು, ಒಂದು ಪೆನ್ನು ಹಿಡಿದು ಬಂದು ನನ್ನ ಚಾಪೆಯ ಮೇಲೆ ಕೂತರು. “ನಾನು ಓದಿರೋದು ನಾಲ್ಕನೇ ಕ್ಲಾಸು. ಆ ತೆರಿಗೆ ಮೇಲೆ ತೆರಿಗೆ ಹಾಕೋದು ಹೆಂಗೆ ಅಂತ ಒಂಚೂರು ಹೇಳ್ಕೊಡಮ್ಮ.”

ಐದು ವರ್ಷದಿಂದ ಹುಳಿಯುತ್ತಿದ್ದ ವಿದ್ಯೆಗೆ ಕೊನೆಗೂ ಕಾವಲಿ ಸಿಕ್ಕಿತ್ತು. ನಾನು ಧಾರಾಳವಾಗಿ ಹುಯ್ದೆ.

“ಸಾರಿಗೆ ಒಗ್ಗರಣೆ ಹಾಕ್ತೀರಲ್ಲ ಆಂಟಿ, ಅದು ತೆರಿಗೆ. ಆ ಒಗ್ಗರಣೆಗೆ ಒಂದು ಚಿಟಿಕೆ ಇಂಗು ಹಾಕ್ತೀರಲ್ಲ, ಅದು ಉಪಕರ. ಇಂಗನ್ನ ಅಳೆಯೋದು ಸಾರು ನೋಡಿ ಅಲ್ಲ, ಒಗ್ಗರಣೆ ನೋಡಿ.”

“ಅಂದ್ರೆ ಇಂಗು ಕಮ್ಮೀನೇ ಇರತ್ತೆ.”

“ಕಮ್ಮಿ ಇರತ್ತೆ. ಆದ್ರೆ ವಾಸನೆ ಬರತ್ತೆ.”

ಆಂಟಿ ನಾಲ್ಕು ಮಧ್ಯಾಹ್ನ ಬಂದರು. ನೂರಕ್ಕೆ ಹನ್ನೆರಡು, ಹನ್ನೆರಡಕ್ಕೆ ಎರಡು ಪರ್ಸೆಂಟು, ಒಂದು ಪರ್ಸೆಂಟು. ನಾಲ್ಕನೇ ದಿನ ತಪ್ಪಿಲ್ಲದೆ ತಾವೇ ಕೂಡಿಸಿ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ಶ್ರದ್ಧೆಯ ವಿದ್ಯಾರ್ಥಿನಿ ನಮ್ಮ ಮೇಷ್ಟರಿಗೂ ಸಿಕ್ಕಿರಲಿಲ್ಲ. (ಸಿಕ್ಕಿದ್ದಳು, ಆದರೆ ಅವಳು ನಾನು.)

ಒಂದನೇ ತಾರೀಖು ಬೆಳಿಗ್ಗೆ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಬರೆದ ಕಾಗದವೊಂದು ನಮ್ಮ ಬಾಗಿಲ ಸಂದಿಯಿಂದ ಒಳಗೆ ಬಂತು. ನಮ್ಮವರು ಅದನ್ನೆತ್ತಿ ಗಟ್ಟಿಯಾಗಿ ಓದಿದರು. ಮದುವೆಯಾದ ಮೇಲೆ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

“ಮನೆ ಬಾಡಿಗೆ ನಾಲ್ಕು ಸಾವಿರ. ಇಂಟರ್‌ನೆಟ್ ತಂತಿ ನಮ್ಮ ತಾರಸಿ ಮೇಲೆ ತೂಗುವ ಶುಲ್ಕ ಅರವತ್ತು. ಗೇಟು ತೆಗೆದು ಹಾಕುವ ಶುಲ್ಕ ನಲವತ್ತು. ಸದರಿ ನೂರಕ್ಕೆ ಸೇವಾ ತೆರಿಗೆ ಹನ್ನೆರಡು. ಮೆಟ್ಟಿಲು ಉಪಕರ ಇಪ್ಪತ್ನಾಕು ಪೈಸೆ. ಸೆಕೆಂಡರಿ ಮತ್ತು ಹೈಯರ್ ಮೆಟ್ಟಿಲು ಉಪಕರ ಹನ್ನೆರಡು ಪೈಸೆ. ಒಟ್ಟು ನಾಲ್ಕು ಸಾವಿರದ ನೂರಾ ಹನ್ನೆರಡು ರೂಪಾಯಿ ಮೂವತ್ತಾರು ಪೈಸೆ.”

ಓದಿ ಮುಗಿಸಿ, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ನೋಡಿದರು. “ಲೆಕ್ಕಾ ಸರಿ ಐತಿ,” ಎಂದರು. “ಚೊಲೋ ಕಲಿಸೀ.”

ಅವರು ನಗಲಿಲ್ಲ. ಆದರೆ ಹೆಗಲು ಅಲುಗುತ್ತಿತ್ತು.

“ಕೇಳು ಭಾಗ್ಯಾ. ಎರಡೂ ಬಿಲ್ಲು ಕೊಡೂದು ನನ್ನ ಕಡಿಂದ ಆಗೂದಿಲ್ಲ. ಮೆಟ್ಟಲಾ ಬಿಟ್ಟು ಮನೀಗೆ ಹತ್ತಿ ಬರಾಕ ಆಗತೈತೇನು? ಆಗೂದಿಲ್ಲ. ಫೋನ್ ಬಿಟ್ರ ತಂತಿ ಶುಲ್ಕಾನೂ ಕಡಿಮಿ ಮಾಡ್ಸಬಹುದು. ಶನಿವಾರ ಪೆಟ್ಟಿಗಿ ಹೊಳ್ಳಿ ಕೊಟ್ಟು ಬರ್ತೀನಿ.”

ನಾನು ಮೇಲ್ಮನವಿ ಸಲ್ಲಿಸಲು ಕೆಳಗೆ ಓಡಿದೆ. ಆಂಟಿ ಅವರೆಕಾಯಿ ಬಿಡಿಸುತ್ತಿದ್ದರು. ಯಜಮಾನರು ಮುನಿಯಣ್ಣನವರು ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು.

“ಆಂಟಿ, ತೆರಿಗೆ ಹಾಕೋ ಅಧಿಕಾರ ಸರ್ಕಾರಕ್ಕೆ ಮಾತ್ರ ಇರೋದು.”

“ಹೌದಾ? ನಾಲ್ಕು ದಿವಸ ಪಾಠ ಹೇಳ್ದೆ, ಅದೊಂದು ಹೇಳ್ಲಿಲ್ವಲ್ಲ ನೀನು.”

“ಅಗ್ರಿಮೆಂಟಲ್ಲಿ ನಾಲ್ಕು ಸಾವಿರ ಅಂತ ಇದೆ.”

“ಅದು ದರ ಕಣಮ್ಮ. ಇದು ಮೊತ್ತ. ಅವೆರಡೂ ಬೇರೆ.” ಆಂಟಿ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ಬಟ್ಟಲಿಗೆ ಹಾರಿಸಿದರು. “ಅನ್ಯಾಯ ಮಾಡೋಳಲ್ಲ ನಾನು. ಫಸ್ಟ್ ಫ್ಲೋರಿನೋರಿಗೆ ಬರೀ ಮೆಟ್ಟಿಲು ಉಪಕರ ಹಾಕಿದೀನಿ. ಸೆಕೆಂಡರಿ ಹೈಯರ್ರು ನಿಮಗೆ ಮಾತ್ರ, ಇನ್ನೂ ಮೇಲಿದೀರಲ್ಲ.”

ನಾನು ದಿಕ್ಕು ತೋಚದೆ ಮುನಿಯಣ್ಣನವರ ಕಡೆ ನೋಡಿದೆ. ಅವರು ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದರು, “ಮೂವತ್ತಾರು ಪೈಸೆಗೆ ಚಿಲ್ರೆ ಇಲ್ದಿದ್ರೆ ಪರವಾಗಿಲ್ಲ ಬಿಡಮ್ಮ. ಮುಂದಿನ ತಿಂಗಳು ಸೇರಿಸ್ಕೋತಾಳೆ.”

ಶುಕ್ರವಾರ ಸಂಜೆ ಆರಕ್ಕೆ, ಕೊನೆಯ ಸಲವೆಂದು, ಚಾಪೆ ಹಾಸಿಕೊಂಡು ಕೂತೆ. ಅವ್ವ ಫೋನು ಎತ್ತಿಕೊಂಡಳು. ಊಟ, ಪಲ್ಯ, ಶೇಂಗಾಪುಡಿ ಮೂರಕ್ಕೂ ಉತ್ತರ ಕೊಡದೆ ನಡೆದದ್ದನ್ನೆಲ್ಲ ಹೇಳಿದೆ. ನಾಳೆಯಿಂದ ಫೋನಿಲ್ಲ ಎಂದೆ.

“ಅಕಿ ಎಲ್ಲಿ ಅದಾಳ?” ಎಂದಳು ಅವ್ವ.

“ಯಾರು?”

“ನಿಮ್ಮ ಮನಿ ಮಾಲಕತಿ. ಫೋನ್ ಅಕಿ ಕೈಯಾಗ ಕೊಡು.”

ನಮ್ಮವ್ವನ ಆ ದನಿ ನನಗೆ ಗೊತ್ತು. ಸಂತೆಯಲ್ಲಿ ಆ ದನಿ ಎದ್ದರೆ ಬದನೆಕಾಯಿ ಮಾರುವವರು ತಕ್ಕಡಿಯನ್ನು ಒರೆಸಿಕೊಳ್ಳುತ್ತಾರೆ. ನಾನು ಕೆಳಗೆ ಹೋಗಿ ಆಂಟಿಯನ್ನು ಕರೆದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲ ದರ್ಜೆಯ ಮೆಟ್ಟಿಲುಗಳನ್ನೂ ಹತ್ತಿ ಬಂದು, ಫೋನು ಕಿವಿಗಿಟ್ಟುಕೊಂಡರು. ನಮ್ಮವರು ಕಂಪ್ಯೂಟರ್ ಆರಿಸಿದರು. ಯುದ್ಧ ನೋಡಲು ಅವರು ರನ್ನು, ವಿಕೆಟ್ಟನ್ನೂ ಬಿಟ್ಟದ್ದು ಅಂದೊಂದೇ ದಿನ.

ನಮಗೆ ಕೇಳಿದ್ದು ಈ ಕಡೆಯ ಅರ್ಧ ಮಾತ್ರ.

“ಹೂಂ, ನಾನೇ... ಹೌದಮ್ಮ, ಹಾಕಿದೀನಿ... ಯಾಕೆ ಹಾಕ್ಬಾರ್ದು?... ಹೂಂ... ಹೂಂ... ಏನಂದ್ರಿ? ನಿಮ್ಮದೂ ಬಾಡಿಗೆ ಮನೆ ಇದ್ಯಾ? ಎಷ್ಟು? ಎರಡಾ?”

ಬಸ್‌ಸ್ಟ್ಯಾಂಡಿನ ಹಿಂದೆ ಅವ್ವನ ಹೆಸರಿನಲ್ಲಿ ಎರಡು ಖೋಲಿಗಳಿವೆ, ಅವುಗಳಲ್ಲಿ ಬಾಡಿಗೆದಾರರಿದ್ದಾರೆ ಎಂಬುದು ನನ್ನ ಲಕ್ಷ್ಯಕ್ಕೆ ಬಂದದ್ದು ಆಗ.

ಆಂಟಿ ಮೆಲ್ಲಗೆ ಚಾಪೆಯ ಮೇಲೆ ಕೂತರು. “ಅಯ್ಯೋ, ಅವ್ರೂ ಹಂಗೇನಾ? ಇಲ್ಲೂ ಅದೇ ಕಣ್ರೀ. ನಲ್ಲಿ ತಿರುಗಿಸಿಬಿಟ್ಟು ಟೀವಿ ನೋಡ್ಕೊಂಡು ಕೂತಿರ್ತಾರೆ... ಮೊಳೆ ಹೊಡೀಬೇಡಿ ಅಂದ್ರೆ ಅದಕ್ಕೇ ಕಾಯ್ತಿದ್ದಂಗೆ ಹೊಡೀತಾರೆ... ಇಲ್ಲ ಇಲ್ಲ, ನಿಮ್ಮ ಮಗಳು ಅಂಥೋಳಲ್ಲ. ಮೊಳೆ ಎರಡೇ ಹೊಡ್ದಿರೋದು, ನಾನು ಎಣಿಸಿದೀನಿ.”

ಆಂಟಿ ಗೋಡೆಗೆ ಒರಗಿದರು. ಕಾಲು ಚಾಚಿದರು. ನನ್ನ ಕಡೆ ನೋಡಿ, ಕುಡಿಯಲು ಏನಾದರೂ ತಾ ಎಂಬಂತೆ ಕೈಸನ್ನೆ ಮಾಡಿದರು. ಕಾಫಿ ಮಾಡಿಕೊಟ್ಟೆ. ಹೊರಗಿನ ಕೆಂಪು ಹೋಗಿ ದೀಪಗಳು ಹತ್ತಿದವು. ಒಂದು ಗಂಟೆ ಹತ್ತು ನಿಮಿಷದ ಮೇಲೆ ಆಂಟಿ ಫೋನಿಟ್ಟು, ಕಿವಿ ಉಜ್ಜಿಕೊಂಡು ತೀರ್ಪು ಕೊಟ್ಟರು.

“ನಿಮ್ಮಮ್ಮ ಸಖತ್ತಾಗಿ ಮಾತಾಡ್ತಾರೆ ಕಣೆ ಭಾಗ್ಯ. ಅರ್ಧ ಮಾತು ಅರ್ಥ ಆಗಲ್ಲ, ಆದ್ರೂ ಕೇಳ್ತಾ ಇರೋಣ ಅನ್ಸತ್ತೆ. ಅವರ ಮಾತಿಗೆ ಬೆಲೆ ಕೊಟ್ಟು ನಿಮ್ಮ ಮನೆ ಮಟ್ಟಿಗೆ ಎಲ್ಲಾ ಕ್ಯಾನ್ಸಲ್. ತಂತಿ, ಗೇಟು, ಮೆಟ್ಟಿಲು, ಏನೂ ಬೇಡ. ನಾಲ್ಕು ಸಾವಿರ ಕೊಡಿ ಸಾಕು.”

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ನಮ್ಮವರ ಕಡೆ ನೋಡಿದೆ. ಅವರು ಸೋತವರ ಘನತೆಯಿಂದ ತಲೆದೂಗಿ, “ಆತು, ಪೆಟ್ಟಿಗಿ ಇರ್ಲಿ. ಹಂಗಾರ ಇನ್ನೂರ ಎಂಬತ್ತು ಅಂತ ಬರಕೋತೀನಿ” ಎಂದರು. ಶನಿವಾರ ನಾನು ಶಾವಿಗೆ ಪಾಯಸ ಮಾಡಿದೆ. ಪೆಟ್ಟಿಗೆಯ ಧೂಳು ಒರೆಸಿ, ಅದರ ಕೆಳಗೆ ಕೈಕಸೂತಿಯ ಒಂದು ಪುಟ್ಟ ಬಟ್ಟೆ ಹಾಸಿದೆ. ಆರಕ್ಕೆ ಐದು ನಿಮಿಷವಿರುವಾಗಲೇ ಚಾಪೆ ಹಾಸಿದೆ.

ಆರಕ್ಕೆ ಸರಿಯಾಗಿ ಬಾಗಿಲು ಬಡಿಯಿತು.

“ನಿನ್ನೆ ಮಾತು ಅರ್ಧಕ್ಕೇ ನಿಂತಿತ್ತು,” ಎಂದರು ಅಣ್ಣಮ್ಮ ಆಂಟಿ. ಕೈಯಲ್ಲಿ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು ತಂದಿದ್ದರು. “ನೀನು ನಿನ್ನ ಕೆಲಸ ಮಾಡ್ಕೋ ತಾಯಿ, ನಿಂಗೆ ತೊಂದ್ರೆ ಇಲ್ಲ.”

ಭಾನುವಾರವೂ ಬಂದರು. ಸೋಮವಾರವೂ. ನನಗೆ ಸಿಕ್ಕುತ್ತಿದ್ದುದು ಕೊನೆಯ ಎರಡು ನಿಮಿಷ, ಅದರಲ್ಲೂ ಅವ್ವ, “ಏ, ಆ ಸೆಕೆಂಡರಿ ಅಂದ್ರ ಯಾವುದರ ಮ್ಯಾಲ ಹಾಕೂದು? ಅಣ್ಣಮ್ಮ ಹೇಳಿದ್ದು ನನಗ ಬರಕೊಳ್ಳಾಕ ಆಗ್ಲಿಲ್ಲ” ಎಂದು ಕೇಳುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹಿಂದಿನ ಎರಡು ಖೋಲಿಗಳ ಭವಿಷ್ಯ ನೆನೆದು ನನಗೆ ಭಯವಾಯಿತು. ಮಧ್ಯಾಹ್ನ ಮೂರಕ್ಕೆ ಫೋನು ಮಾಡಿ ನೋಡಿದೆ. “ಈಗ ಬ್ಯಾಡವಾ,” ಎಂದಳು ಅವ್ವ, “ಆರಕ್ಕ ಅಣ್ಣಮ್ಮ ಬರ್ತಾಳ. ಅಷ್ಟರಾಗ ಜ್ವಾಳಾ ಹಸನ ಮಾಡಿಕೋಬೇಕು.” ನಮ್ಮವರ ಹತ್ತಿರ ಅಳಲು ತೋಡಿಕೊಂಡೆ. ಅವರು ಬಹಳ ಹೊತ್ತು ಯೋಚಿಸಿ, “ನಾ ಬೇಕಾದ್ರ ಕೆಮ್ಮತೀನಿ” ಎಂದರು. ಕೆಮ್ಮಿದರು ಕೂಡ. ಆಂಟಿ ಶುಂಠಿ ಕಷಾಯ ತಂದುಕೊಟ್ಟು ಮಾತು ಮುಂದುವರಿಸಿದರು.

ಎಂಟನೇ ದಿನ, ಆರೂ ಕಾಲಿಗೆ, ನಾನು ಪರ್ಸು ಹಿಡಿದು ಮನೆಯಿಂದ ಹೊರಬಿದ್ದೆ. ರಸ್ತೆಯ ತುದಿಯಲ್ಲಿ ಸೊಣ್ಣಮ್ಮನ ಎಸ್‌ಟಿಡಿ ಬೂತಿದೆ. ಊರಿನ ಅಂಗಡಿಯ ಹಳೇ ನಂಬರು ಒತ್ತಿದೆ. ಅಣ್ಣ ಎತ್ತಿಕೊಂಡ.

“ಅಣ್ಣಾ, ನಾನು. ಅವ್ವಗ ಕೊಡು. ಜರಾ ಮಾತಾಡಬೇಕಿತ್ತು.”

“ಅವ್ವ ಫೋನಿನ್ಯಾಗ ಅದಾಳಲ್ಲ,” ಎಂದ ಅಣ್ಣ. “ಬೆಂಗಳೂರಿಂದ ಬಂದೈತಿ. ಅರ್ಧಾ ತಾ‌ಸು ಬಿಟ್ಟು ಮಾಡು.”

ಸೊಣ್ಣಮ್ಮ ಯಂತ್ರದಿಂದ ಚೀಟಿ ಹರಿದು ಕೊಟ್ಟಳು. ಕರೆಗೆ ಎರಡು ರೂಪಾಯಿ, ಸೇವಾ ಶುಲ್ಕ ಒಂದು ರೂಪಾಯಿ. ಯಾವ ಸೇವೆ ಎಂದು ನಾನು ಕೇಳಲಿಲ್ಲ. ಮೂರು ರೂಪಾಯಿ ಕೊಟ್ಟು, ಬೂತಿನ ಮುಂದಿನ ಬೆಂಚಿನ ಮೇಲೆ ಅರ್ಧ ತಾಸು ಕಾಯಲು ಕೂತೆ.